ಉಳಿದವರನ್ನಷ್ಟೇ ಕೇಳಿದ ಮಳೆಗಾಲ

ನಮ್ಮ ಅರ್ಥಶಾಸ್ತ್ರ ಕೇಂದ್ರದಲ್ಲಿ ಈ ಕತೆಯನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಡಿಬೇಟಿನಲ್ಲಿ ಪಳಗಿದ ಹುಡುಗನೊಬ್ಬ ಬುಧವಾರದ ಸೆಮಿನಾರಿನಲ್ಲಿ ಮಹಾನಂದಾಳ ಅಧ್ಯಯನವನ್ನು ಚಿಂದಿ ಮಾಡಿದ; ಅವಮಾನ ತಾಳಲಾರದೆ ಆಕೆ ಊರಿಗೆ ಹೊರಟುಹೋದಳು. ಆ ಹುಡುಗ ನಾನು. ಸೆಮಿನಾರು ನಡೆದದ್ದು ನಿಜ, ಆಕೆ ಹೋದದ್ದೂ ನಿಜ. ಇವೆರಡರ ನಡುವೆ ತಂದು ಕೂರಿಸಿದ ಅವಮಾನವನ್ನು ಮಾತ್ರ ಯಾರೂ ಕಣ್ಣಾರೆ ಕಂಡಿಲ್ಲ. ಅದೂ ಇರಲಿ, ನಾನು ಆ ಅಧ್ಯಯನವನ್ನು ಚಿಂದಿ ಮಾಡಲೇ ಇಲ್ಲ. ಆ ಮಧ್ಯಾಹ್ನ ಅದರ ಪರವಾಗಿ ವಾದಿಸಿದವನು ನಾನು. ವಿರುದ್ಧ ವಾದಿಸಿದವಳು ಮಹಾನಂದಾ. ಗೆದ್ದವನೂ ನಾನೇ.

ಇದನ್ನು ಬರೆಯುವ ಇರಾದೆ ನನಗಿರಲಿಲ್ಲ. ಕಳೆದ ತಿಂಗಳು ಹೈದರಾಬಾದಿನ ತಾರ್ನಾಕದಲ್ಲಿ ಬಸ್ಸಿಳಿದು ಕೇಂದ್ರದ ಕಡೆ ನಡೆದೆ. ಹಳೆಯ ಗೆಳೆಯ ಕಿರಣ್ ಈಗ ಅಲ್ಲಿ ಮೇಷ್ಟ್ರು, ಹೊಸದೊಂದು ಅಧ್ಯಯನ ಮಂಡನೆಯಿದೆ, ಬಾ ಎಂದು ಕರೆದಿದ್ದ. ಕಟ್ಟಡದ ಪಕ್ಕಕ್ಕೆ ಹೊಸ ಭಾಗವೊಂದು ಏಳುತ್ತಿತ್ತು. ಜಿಟಿಜಿಟಿ ಮಳೆ. ಕಲಸಿಟ್ಟ ಸಿಮೆಂಟಿನ ಮೇಲೆ ಯಾರೋ ನೀಲಿ ತಾಡಪಾಲು ಎಳೆಯುತ್ತಿದ್ದರು. ಒದ್ದೆ ಸಿಮೆಂಟಿನ ಆ ತಣ್ಣನೆಯ, ಮೂಗಿನೊಳಗೆ ಹತ್ತಿಕೊಳ್ಳುವ ವಾಸನೆ ಬಂತು. ಕಾಲು ತಾನಾಗಿ ನಿಂತಿತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಕಿರಣ್ ತನ್ನ ವಿದ್ಯಾರ್ಥಿಗಳಿಗೆ ತೆಲುಗಿನಲ್ಲಿ ಹೇಳುವುದು ಕೇಳಿಸಿತು: “ನೋಡ್ರಪ್ಪಾ, ಬಂದ್ರು. ನಾನು ಹೇಳಿದ್ದೆನಲ್ಲ, ಸೆಮಿನಾರಿನಲ್ಲಿ ಒಬ್ಬಳನ್ನ ಊರಿಗೇ ಓಡಿಸಿದ ಮಹಾನುಭಾವರು!” ಹುಡುಗರು ಅಭಿಮಾನದಿಂದ ನನ್ನನ್ನು ನೋಡಿದರು. ನಾನು ಒದ್ದೆ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ನಡೆದೆ.

ಒಳಗೆ ಮಂಡನೆ ಅಚ್ಚುಕಟ್ಟಾಗಿ ನಡೆಯಿತು. ಪರದೆಯ ಮೇಲೆ ಬಣ್ಣದ ಗೆರೆಗಳು, ಕೊನೆಗೆ ಎರಡು ವಿನಯದ ಪ್ರಶ್ನೆ, ಚಪ್ಪಾಳೆ, ಚಹಾ. ಪದ್ಮಜಾ ಮೇಡಂ ನಿವೃತ್ತರಾದ ಮೇಲೆ ಅವರ ಪದ್ಧತಿಯೂ ಅವರ ಜೊತೆಗೇ ಹೋಯಿತು.

ಆ ಪದ್ಧತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮೇಡಂ ಆಗ ಕೇಂದ್ರದ ಮುಖ್ಯಸ್ಥೆ. ತಾನು ಬರೆದದ್ದನ್ನು ಪ್ರೀತಿಸದ ವಿದ್ವಾಂಸನನ್ನು ತಾವು ಈವರೆಗೆ ನೋಡಿಲ್ಲ ಎನ್ನುತ್ತಿದ್ದರು. ಅದಕ್ಕೆ ಅವರು ಕಂಡುಕೊಂಡ ಔಷಧಿ ಇದು: ಬುಧವಾರದ ಸೆಮಿನಾರಿನಲ್ಲಿ ಬರೆದವರು ತಮ್ಮ ಅಧ್ಯಯನವನ್ನು ತಾವು ಮಂಡಿಸುವಂತಿಲ್ಲ. ತಾವೇ ಆರಿಸಿದ ಒಬ್ಬರ ಕೈಗೆ ಅದನ್ನು ಕೊಟ್ಟುಬಿಡಬೇಕು. ಆ ಒಬ್ಬರು ಅದನ್ನು ಮಂಡಿಸಿ, ಕೊನೆಯತನಕ ಕಾಪಾಡಬೇಕು. ಬರೆದವರು ಎದುರು ನಿಂತು ಅದನ್ನು ಒಡೆಯಬೇಕು. ಬರೆದವರಿಗೇ ಒಡೆಯಲಾಗದಿದ್ದರೆ ಅಧ್ಯಯನ ಗಟ್ಟಿಯಾಗಿದೆ ಎಂದು ಅರ್ಥ. ಅದು ಕೇಂದ್ರದ ‘ಹೊಸ ಅಧ್ಯಯನಗಳು’ ಮಾಲೆಯಲ್ಲಿ ಅಚ್ಚಾಗುತ್ತಿತ್ತು. ನಾವೆಲ್ಲ ಅದನ್ನು ‘ಅದಲು ಬದಲು’ ಎನ್ನುತ್ತಿದ್ದೆವು. ಹೊರಗಿನಿಂದ ಬಂದ ದೊಡ್ಡ ಪ್ರೊಫೆಸರುಗಳು ಇದನ್ನು ಕೇಳಿ ನಗುತ್ತಾ ಒಪ್ಪಿಕೊಂಡು, ತಮ್ಮ ಸರದಿ ಬಂದಾಗ ಬೆವರುತ್ತಿದ್ದರು. ಕಾಲೇಜಿನಲ್ಲಿ ಚೀಟಿ ಎತ್ತಿ ಯಾವ ಪಕ್ಷ ಬಂದರೂ ವಾದಿಸಿ ಕಪ್ ಗೆದ್ದು ಬಂದಿದ್ದ ನನಗೆ ಅದು ತವರುಮನೆ.

ಅಧ್ಯಯನದ ಕೆಲಸಕ್ಕೆ ಮಹಾನಂದಾಳ ಜೊತೆ ನನ್ನನ್ನು ಜೋಡಿಸಿದವರೂ ಮೇಡಂ ಅವರೇ. “ಇಬ್ಬರೂ ಕನ್ನಡದವರಲ್ಲವೇ, ಒಟ್ಟಿಗೆ ಹೋಗಿ,” ಎಂದಿದ್ದರು. ಇಬ್ಬರೂ ಕನ್ನಡದವರು ಎಂಬುದೇ ಮೊದಲ ವಿವಾದದ ವಿಷಯವಾಯಿತು. ನಾನು ಇದೇ ಹೈದರಾಬಾದಿನ ಬಾಲಾನಗರದಲ್ಲಿ ಹುಟ್ಟಿ ಬೆಳೆದವನು; ಅಪ್ಪ ತುಮಕೂರಿನ ಕಡೆಯಿಂದ ಬಂದು ಅಲ್ಲಿನ ಸರ್ಕಾರಿ ಕಾರ್ಖಾನೆ ಸೇರಿದವರು. ಮನೆಯ ಹೊಸಿಲು ದಾಟಿದರೆ ನನ್ನದು ತೆಲುಗು, ಇಲ್ಲವೇ ಹಿಂದಿ. ಮಹಾನಂದಾ ಯಾದಗಿರಿಯ ಕಡೆಯವಳು. ನಾನು ಮೊದಲ ದಿನ ನಾಲ್ಕು ವಾಕ್ಯ ಆಡಿದ್ದೇ ತಡ, “ನೀವು ಮಾತಾಡಾಕತ್ತೀರೋ, ವಾರ್ತೆ ಓದಾಕತ್ತೀರೋ?” ಎಂದು ಕೇಳಿದಳು. ಅದಕ್ಕೆ ನಾನು ಭಾಷೆಯ ಶುದ್ಧಾಶುದ್ಧಗಳ ಬಗ್ಗೆ ಮೂರು ಅಂಶಗಳ ಉತ್ತರ ಕೊಟ್ಟೆ. ಕೊನೆಯತನಕ ಕೇಳಿ, “ಆತೇನ್ರಿ ವಕೀಲ್ರ? ಇನ್ನ ಊಟಕ್ಕ ಹೋಗೂಣು,” ಎಂದಳು. ಅಂದಿನಿಂದ ನನ್ನ ಹೆಸರು ಅದೇ ಆಯಿತು.

ಅವಳ ಅಧ್ಯಯನದ ಪ್ರಶ್ನೆ ಹೊರಗಿನವರಿಗೂ ಅರ್ಥವಾಗುವಂಥದು. ಕಲ್ಯಾಣ ಕರ್ನಾಟಕದಿಂದ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಬರುವವರು ಸಾಮಾನ್ಯವಾಗಿ ತಮ್ಮೂರಿನ ಮೇಸ್ತ್ರಿಯ ಹಿಂದೆಯೇ ಬರುತ್ತಾರೆ. ಬೆಳಿಗ್ಗೆ ಅಡ್ಡಾದಲ್ಲಿ, ಅಂದರೆ ಕೂಲಿಗೆ ಕರೆಯುವವರಿಗಾಗಿ ಕಾಯುವ ಆ ರಸ್ತೆ ತಿರುವಿನಲ್ಲಿ, ಬೇರೆ ಗುತ್ತಿಗೆದಾರ ಬಂದು ಹೆಚ್ಚು ಕೂಲಿ ಕೂಗುತ್ತಾನೆ. ಆದರೂ ಇವರು ಕದಲುವುದಿಲ್ಲ. ಯಾಕೆ? ಮಹಾನಂದಾಳ ಉತ್ತರ: ಮೇಸ್ತ್ರಿ ಎಂದರೆ ಅವರ ಪಾಲಿಗೆ ಛತ್ರಿ. ಮಳೆ ಹಿಡಿದು ಕೆಲಸ ನಿಂತರೆ ಅಕ್ಕಿ ಹಾಕಿಸುತ್ತಾನೆ. ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುತ್ತಾನೆ, ಆಗದಿದ್ದರೆ ಊರಿಗೆ ಮುಟ್ಟಿಸುತ್ತಾನೆ. ಕಡಿಮೆ ಕೂಲಿ ಎಂದರೆ ಆ ಛತ್ರಿಗೆ ತೆರುವ ಬೆಲೆ.

ಆ ಮುಂಗಾರಿನಲ್ಲಿ ದಿನವೂ ನಾವಿಬ್ಬರೂ ಬೆಳ್ಳಂಬೆಳಿಗ್ಗೆ ಬಾಲಾನಗರದ ಅಡ್ಡಾದಲ್ಲಿ ನಿಂತೆವು. ಶಾಲೆಗೆ ಹೋಗುವಾಗ ವರ್ಷಗಟ್ಟಲೆ ನಾನು ಅದೇ ತಿರುವನ್ನು ಬಸ್ಸಿನ ಕಿಟಕಿಯಿಂದ ನೋಡಿದವನು. ಅಲ್ಲಿ ನಿಂತವರು ಆಡುವುದು ಕನ್ನಡ ಎಂದು ನನಗೆ ಗೊತ್ತಾದದ್ದು ಆ ಮಳೆಗಾಲದಲ್ಲಿ. ಲೇತ್ ಅಂಗಡಿಗಳ ಷಟರುಗಳು ಮೇಲೇಳುವ ಸದ್ದು, ಕಬ್ಬಿಣದ ಪುಡಿಯ ಘಾಟು, ತಲೆಯ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿಕೊಂಡು ನಿಂತ ಹೆಂಗಸರು. ಮಹಾನಂದಾ ಅವರ ನಡುವೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ನಾನು ಬರೆದುಕೊಳ್ಳುವವನು.

ಅಲ್ಲಿ ಮಲ್ಲಮ್ಮ ಎಂಬಾಕೆ ಇದ್ದಳು. ಇಟ್ಟಿಗೆ ಹೊರುವ ಕೆಲಸ, ಎಲೆ ಅಡಿಕೆಯ ಬಾಯಿ, ಯಾರನ್ನೂ ಬಿಡದ ನಾಲಿಗೆ. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕಾರ, ಇಂವ ಯಾರ್ರಿ? ಪೆನ್ನು ಹಿಡಕೊಂಡು ಕಂಬ ನಿಂತಂಗ ನಿಂತಾನ. ಬಾಯಿ ಇಲ್ಲೇನು?” ಎಂದಳು.

“ಬಾಯಿನ ಜಾಸ್ತಿ ಆಗೇತಿ. ಬಿಟ್ರ ಸಂಜಿತನಕ ಮಾತಾಡ್ತಾರ. ಅದಕ್ಕ ಮುಚ್ಚಿಸಿ ತಂದೀನಿ,” ಎಂದಳು ಮಹಾನಂದಾ.

“ಹಂಗಾರ ಲಗ್ನಾ ಆಗಿಬಿಡ್ರಿ. ತಾನ ಮುಚ್ತಾನ.”

ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು. ನಾನು ತಲೆತಗ್ಗಿಸಿ, ಏನೂ ಬರೆಯಬೇಕಾಗಿಲ್ಲದ ಕಡೆ ಏನೋ ಬರೆದೆ. ಮಹಾನಂದಾ ನಗುತ್ತಲೇ ತನ್ನ ಪ್ರಶ್ನೆಗೆ ಬಂದಳು: ಹೆಚ್ಚಿನ ಕೂಲಿ ಬಿಟ್ಟು ಈ ಮೇಸ್ತ್ರಿ ಸಾಬಣ್ಣನ ಹಿಂದೆಯೇ ಯಾಕೆ ಇದ್ದೀರಿ?

“ಸಾಬಣ್ಣ ಭಾಳ ಬೈತಾನ್ರಿ,” ಎಂದಳು ಮಲ್ಲಮ್ಮ. “ಬೈಯಾಂವ ಒಬ್ಬ ಇದ್ರ, ನಾ ಇಲ್ಲಿ ಅದೀನಂತ ಒಬ್ಬರಿಗಾರ ಗೊತ್ತಿರತೈತಿ.”

ಮಹಾನಂದಾ ಆ ಮಾತನ್ನೇ ಅಧ್ಯಯನದ ಮೊದಲ ಸಾಲಾಗಿ ಇಟ್ಟಳು. ಅಡ್ಡಾದಿಂದ ತಾರ್ನಾಕಕ್ಕೆ ಮರಳುವ ಬಸ್ಸಿನಲ್ಲಿ ನಾವು ಜಗಳವಾಡದ ದಿನವಿಲ್ಲ. ಛತ್ರಿ ಎಂದರೆ ಉಪಮೆ, ಪುರಾವೆಯಲ್ಲ ಎಂದು ನಾನು. ಬೇಕಂತಲೇ ಮಳೆಗೆ ಕಿಟಕಿ ತೆರೆದಿಟ್ಟು, “ಹಂಗಾರ ನೆನೀರಿ, ಪುರಾವೆ ಸಿಕ್ಕೀತು,” ಎಂದು ಅವಳು. ಕಂಡಕ್ಟರು ತೆಲುಗಿನಲ್ಲಿ ಬೈಯುವತನಕ ಕಿಟಕಿ ತೆರೆದೇ ಇರುತ್ತಿತ್ತು. ಆ ಬಸ್ಸು ಈಗಲೂ ಅದೇ ದಾರಿಯಲ್ಲಿ ಓಡುತ್ತದೆ. ನಾನು ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಪಾಠ ಮುಗಿಸಿ ಒಮ್ಮೊಮ್ಮೆ, ಕೆಲಸವೇನೂ ಇಲ್ಲದಿದ್ದರೂ, ಅದನ್ನು ಹತ್ತುತ್ತೇನೆ. ಕಿಟಕಿ ಮುಚ್ಚಿಯೇ ಇರುತ್ತದೆ. ಯಾರೂ ಜಗಳಕ್ಕೆ ಬರುವುದಿಲ್ಲ.

ಶ್ರಾವಣದಲ್ಲಿ ಮಳೆ ಬಿಡದೆ ಹಿಡಿಯಿತು. ಅಡ್ಡಾಕ್ಕೆ ಹೋಗಲಾಗದೆ ಕೇಂದ್ರದಲ್ಲಿ ಕೂತು ಬರವಣಿಗೆ ಮುಗಿಸಿದೆವು. ಮಳೆ ಹೊಳವಾದ ಮೇಲೆ, ಬರೆದ ಮಾತನ್ನು ಮಲ್ಲಮ್ಮನಿಗೆ ಓದಿ ಹೇಳಬೇಕೆಂದು ಮಹಾನಂದಾ ಹೊರಟಳು. ಮಲ್ಲಮ್ಮ ಅಲ್ಲಿರಲಿಲ್ಲ.

“ಊರಿಗೆ ಹೋಗ್ಯಾಳ್ರಿ,” ಎಂದ ಸಾಬಣ್ಣ. “ಮೈಯಾಗ ಆರಾಮ ಇರಲಿಲ್ಲ. ಬರ್ತಾಳ.”

“ನೀವು ಮುಟ್ಟಿಸಿ ಬಂದ್ರೇನು?”

“ತಾನ ಹೋದ್ಲು.”

“ಜೋಡಿ ಯಾರು ಹೋದ್ರು?”

ಸಾಬಣ್ಣ ಮೋಡದ ಕಡೆ ನೋಡಿದ. “ಮತ್ತ ಮಳಿ ಬರಂಗೈತಿ ನೋಡ್ರಿ. ನೀವು ಹೊಂಡ್ರಿ ಇನ್ನ,” ಎಂದ. ಮಲ್ಲಮ್ಮನ ಜೊತೆ ಸದಾ ಕೂರುತ್ತಿದ್ದ ಹೆಂಗಸರು ಅಂದು ಯಾಕೋ ಬೇರೆ ಕಡೆ ಮುಖ ಮಾಡಿ ಕೂತಿದ್ದರು. ಸಾಬಣ್ಣ ಕೆಟ್ಟವನೆಂದು ನಾನು ಹೇಳಲಾರೆ. ಒಳ್ಳೆಯವನೆಂದೂ ಹೇಳಲಾರೆ. ಅವನು ಮೋಡದ ಕಡೆ ನೋಡಿದ ಎಂಬಷ್ಟಕ್ಕೇ ನಾನು ಸಾಕ್ಷಿ.

ಆ ದಿನ ಬಸ್ಸಿನಲ್ಲಿ ಮಹಾನಂದಾ ಕಿಟಕಿ ತೆರೆಯಲಿಲ್ಲ. “ನಮ್ಮ ಬರಹದಾಗ ಮಲ್ಲಮ್ಮ ಅದಾಳ. ಅಡ್ಡಾದಾಗ ಇಲ್ಲ,” ಎಂದಳು.

“ಒಬ್ಬರು ಊರಿಗೆ ಹೋದರೆ ಅಧ್ಯಯನ ಸುಳ್ಳಾಗುತ್ತಾ?” ಎಂದೆ.

“ಒಬ್ಬಾಕೀ ಅಂತ ನಿಮಗ ಹೆಂಗ ಗೊತ್ತು? ನಾವು ಕೇಳಿದ್ದು ಯಾರನ್ನ? ಛತ್ರಿ ಕೆಳಗ ನಿಂತವರನ್ನ. ಛತ್ರಿ ಸೋರತೈತೇನು ಅಂತ ನೆನೆದು ಹೋದವರನ್ನ ಕೇಳಬೇಕಿತ್ತು. ಅವರೆಲ್ಲಿ ಅಡ್ಡಾದಾಗ ಸಿಗ್ತಾರ?”

ಒಳ್ಳೆಯ ಪ್ರಶ್ನೆ. ಅಂಥ ಪ್ರಶ್ನೆ ಕೇಳಿದಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ, ನನಗೆ ಹೊಳೆಯಲಿಲ್ಲವಲ್ಲ ಎಂದು. ಅಂದು ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ಭಯವಾಯಿತು. ಅವಳಿದ್ದದ್ದು ತಾತ್ಕಾಲಿಕ ಹುದ್ದೆಯಲ್ಲಿ. ದಸರೆಗೆ ಅದು ಮುಗಿಯುತ್ತಿತ್ತು. ಅಧ್ಯಯನ ಮಾಲೆಯಲ್ಲಿ ಅಚ್ಚಾದರೆ ಇನ್ನೆರಡು ವರ್ಷ ಅವಳನ್ನು ಇಟ್ಟುಕೊಳ್ಳುವುದಾಗಿ ಮೇಡಂ ಹೇಳಿದ್ದರು. ಅಚ್ಚಾಗದಿದ್ದರೆ ಅವಳು ತಾರ್ನಾಕದ ಹಾಸ್ಟೆಲ್ ಕೋಣೆ ಖಾಲಿ ಮಾಡಬೇಕು. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ನನ್ನ ಮೇಜಿನ ಮೇಲೆ ಕಾಗದದ ಕಟ್ಟು ಇಟ್ಟು, “ಅದಲು ಬದಲಿಗೆ ನಿಮ್ಮನ್ನ ಆರಿಸೀನಿ. ಪುಸ್ತಕದ ಕನ್ನಡ ಬ್ಯಾಡ, ನಿಮ್ಮ ಡಿಬೇಟಿನ ಇಂಗ್ಲಿಷು ತೆಗೀರಿ,” ಎಂದು ಹೋದಳು.

ಆ ಬುಧವಾರ ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಒದ್ದೆ ಛತ್ರಿಗಳು ಬಾಗಿಲ ಬಳಿ ರಾಶಿ ಬಿದ್ದಿದ್ದವು. ಹೊರಗೆ ಪಡಸಾಲೆಯಲ್ಲಿ ಮಿರ್ಚಿ ಬಜ್ಜಿಯ ಎಣ್ಣೆ ಕಾಯುತ್ತಿತ್ತು. ನಾನು ಛತ್ರಿಯ ವಾದವನ್ನು ಮಂಡಿಸಿದೆ. ಅವಳು ಬರೆದದ್ದಕ್ಕಿಂತ ಬಿಗಿಯಾಗಿಯೇ ಮಂಡಿಸಿದೆ ಅನ್ನಿಸುತ್ತದೆ. ಆಮೇಲೆ ಮಹಾನಂದಾ ಎದ್ದು ನಿಂತು ಬಸ್ಸಿನಲ್ಲಿ ಹೇಳಿದ್ದನ್ನೇ ಹೇಳಿದಳು: ಈ ಅಧ್ಯಯನ ಉಳಿದವರನ್ನಷ್ಟೇ ಕೇಳಿದೆ. ಹೋದವರು ಇದರಲ್ಲಿ ಇಲ್ಲ. ಆದ್ದರಿಂದ ಇದು ಏನನ್ನೂ ತೋರಿಸುವುದಿಲ್ಲ.

ನನ್ನ ಉತ್ತರ ಸಿದ್ಧವಿತ್ತು. ಹೋದವರು ಎಲ್ಲಿಗೆ ಹೋದರು? ತಮ್ಮೂರಿಗೆ. ಅಲ್ಲಿ ಬಾಯಿ ಮುಚ್ಚಿಕೊಂಡು ಕೂತರೇ? ಛತ್ರಿ ಸೋರಿದ್ದರೆ ಊರಿಗೆಲ್ಲ ಹೇಳಿರುತ್ತಾರೆ. ಹೇಳಿದ್ದರೆ ಮರುವರ್ಷ ಅದೇ ಊರಿಂದ ಅದೇ ಮೇಸ್ತ್ರಿಯ ಹಿಂದೆ ಯಾರೂ ಬರಬಾರದು. ಬರುತ್ತಿದ್ದಾರೆ. ಹೊಸಬರು ಬರುತ್ತಿರುವುದೇ ಹೋದವರ ಸಾಕ್ಷಿ.

ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಕಿರಣ್ ಮೇಜು ಗುದ್ದಿದ. ಮಹಾನಂದಾಳ ಇಂಗ್ಲಿಷು ಅಲ್ಲಿಗೆ ಮುಗಿಯಿತು. “ಊರಾಗ ಹೇಳ್ಯಾರಂತ ನಿಮಗ ಯಾರು ಹೇಳಿದ್ರು?” ಎಂದಳು, ಕನ್ನಡದಲ್ಲಿ, ನನ್ನೊಬ್ಬನಿಗೇ ಎಂಬಂತೆ.

“ಹೇಳಿಲ್ಲ ಅಂತ ನಿಮಗೆ ಯಾರು ಹೇಳಿದರು?”

ಅರ್ಥವಾದವರು ನಕ್ಕರು, ಪಕ್ಕದವರಿಗೆ ಅನುವಾದಿಸಿದಾಗ ಅವರೂ ನಕ್ಕರು. ನಿಯಮದಂತೆ ಒಡೆಯುವವರ ಮೇಲೆಯೇ ಸಾಬೀತು ಮಾಡುವ ಹೊಣೆ. ಅವಳ ಕೈಯಲ್ಲಿ ಸಾಬೀತು ಮಾಡುವಂಥದೇನೂ ಇರಲಿಲ್ಲ. ಪದ್ಮಜಾ ಮೇಡಂ ಕನ್ನಡಕ ತೆಗೆದು, ಅಧ್ಯಯನ ಒಡೆಯಿತು ಎನ್ನುವವರು ಕೈ ಎತ್ತಿ ಎಂದರು. ಇಡೀ ಸಭೆಯಲ್ಲಿ ಒಂದೇ ಕೈ ಮೇಲೆದ್ದಿತು. ಅದು ಮಹಾನಂದಾಳದು. ಬರೆದವರಿಗೆ ಕೈ ಎತ್ತುವ ಹಕ್ಕಿಲ್ಲ ಎಂದು ಮೇಡಂ ಮೃದುವಾಗಿ ನೆನಪಿಸಿದರು. ಎಲ್ಲರೂ ಪ್ರೀತಿಯಿಂದಲೇ ನಕ್ಕರು. ಅವಳು ಕೈ ಇಳಿಸಲಿಲ್ಲ. ಜನ ಎದ್ದು ಬಜ್ಜಿಯ ಕಡೆ ಹೊರಟರೂ, ಬಸ್ಸಿನ ಕಂಬಿ ಹಿಡಿದವಳ ಹಾಗೆ, ಕೈ ಮೇಲೆಯೇ ಇತ್ತು.

ಅವಮಾನವಾಗಿದ್ದರೆ ಆ ಹೊತ್ತಿನಲ್ಲಿ ಆಗಿರಬೇಕು. ನಾನು ಅವಳ ಮುಖವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವನು. ಅಲ್ಲಿದ್ದದ್ದು ಅವಮಾನವಲ್ಲ. ಏನೆಂದು ನನಗೆ ಹೆಸರಿಡಲು ಬರಲಿಲ್ಲ.

ಆಮೇಲೆ ಮೆಟ್ಟಿಲ ಮೇಲೆ ಮಳೆ ನಿಲ್ಲಲೆಂದು ಇಬ್ಬರೂ ನಿಂತಿದ್ದೆವು. ಒಂದೇ ಕಾಗದದಲ್ಲಿ ಬಜ್ಜಿ.

“ಚೊಲೋ ವಾದ ಮಾಡಿದ್ರಿ,” ಎಂದಳು. “ಈಗ ಸಭಾ ಮುಗದೈತಿ. ಖರೇ ಹೇಳ್ರಿ. ನನ್ನ ಮಾತು ಸರಿ ಅನಿಸ್ತೋ ಇಲ್ಲೋ?”

“ಅನಿಸಿತು.”

“ಮತ್ತ ಯಾಕ ಬಿಟ್ಟುಕೊಡಲಿಲ್ಲ?”

“ನಿಯಮ,” ಎಂದೆ. “ಮತ್ತೆ, ಅಚ್ಚಾದರೆ ನೀವು ಇಲ್ಲೇ ಇರ್ತೀರಲ್ಲ.”

ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಯಾವ ವಾಕ್ಯವೂ ನನ್ನ ಬಾಯಿಂದ ಅಷ್ಟು ತೊಡರಿಕೊಂಡು ಹೊರಬಿದ್ದಿರಲಿಲ್ಲ. ಮಹಾನಂದಾ ಕಾಗದದಲ್ಲಿ ಉಳಿದಿದ್ದ ಬಜ್ಜಿಯನ್ನು ನನ್ನ ಕಡೆ ಸರಿಸಿದಳು. ಮಳೆ ಸಣ್ಣಗಾಯಿತು. “ಮಲ್ಲಮ್ಮನೂ ಇಲ್ಲೇ ಇರ್ತಾಳ ಅಂತ ತಿಳಕೊಂಡಿದ್ದೆ ನಾ,” ಎಂದು ಹೇಳಿ, ಛತ್ರಿ ಬಿಚ್ಚದೆಯೇ ಹಾಸ್ಟೆಲಿನ ಕಡೆ ನಡೆದಳು.

ಮರುದಿನ ಅಚ್ಚಿಗೆ ಕೊಡುವುದಿಲ್ಲವೆಂದು ಮೇಡಂಗೆ ಹೇಳಿದಳು. ಮೇಡಂ ತುಂಬ ಹೊತ್ತು ಬುದ್ಧಿ ಹೇಳಿದರಂತೆ. ಹೋದವರನ್ನು ಅವರವರ ಊರಲ್ಲೇ ಹುಡುಕಿ ಕೇಳಿಬರುತ್ತೇನೆ, ಆಮೇಲೆ ಬೇಕಾದರೆ ಮತ್ತೊಮ್ಮೆ ಅದಲು ಬದಲು ಇಡಿ ಎಂದಳಂತೆ. ಯಾದಗಿರಿ ಬಸ್ಸಿಗೆ ಅವಳ ಚೀಲ ಏರಿಸಿದವನು ನಾನು. “ನೀವೂ ಬರ್ರಿ, ಊರಾಗ ವಾದ ಮಾಡಾಕ ಜನ ಸಿಗ್ತಾರ,” ಎಂದು ನಕ್ಕಳು. ಬಸ್ಸು ಹೊರಟಾಗ ಕಿಟಕಿ ತೆರೆದೇ ಇತ್ತು. ಇದನ್ನು ಓಡಿಹೋಗುವುದು ಎನ್ನುತ್ತಾರೆಯೇ?

ಮೊದಮೊದಲು ಮೊಬೈಲಿಗೆ ಅವಳು ರೆಕಾರ್ಡು ಮಾಡಿ ಕಳಿಸಿದ ದನಿ ಬರುತ್ತಿತ್ತು: ಯಾವ ಊರು, ಯಾರ ಮನೆಯ ರೊಟ್ಟಿ, ಯಾರು ಮಾತಾಡಿದರು, ಯಾರು ಬಾಗಿಲು ಹಾಕಿಕೊಂಡರು. ಹಿಂದೆ ಗಾಳಿ, ಆಡುಗಳು, ದೂರದ ಟ್ರಾಕ್ಟರು. ದೀಪಾವಳಿಯ ಹೊತ್ತಿಗೆ ಬಂದ ಕೊನೆಯ ದನಿ ನನ್ನ ಮೊಬೈಲಿನಲ್ಲಿ ಈಗಲೂ ಇದೆ: “ವಕೀಲ್ರ, ಮಲ್ಲಮ್ಮ ಸಿಕ್ಕಳು. ಅಕ್ಕನ ಊರಾಗ ಅದಾಳ. ಅಕೀ ಏನ್ ಹೇಳಿದ್ಲಂತ ಫೋನ್ನಾಗ ಹೇಳಾಂಗಿಲ್ಲ. ಬಂದ ಮ್ಯಾಲ ಹೇಳ್ತೀನಿ.” ಪುರಾವೆ ಇಲ್ಲದೆ ಯಾರ ಮಾತನ್ನೂ ನಂಬದ ನಾನು ಅದನ್ನು ನಂಬಿದೆ. ಅವಳು ಬರುತ್ತಾಳೆಂದು ಕಾದೆ. ಕರೆ ಮಾಡಿದರೆ ಕೆಲವು ತಿಂಗಳು ಗಂಟೆ ಹೋಗುತ್ತಿತ್ತು. ಆಮೇಲೆ ಗಂಟೆಯೂ ಹೋಗಲಿಲ್ಲ. ಮದುವೆಯಾಯಿತು ಎಂದರು ಒಬ್ಬರು. ಯಾವುದೋ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ ಎಂದರು ಇನ್ನೊಬ್ಬರು. ಊರೂರು ತಿರುಗುತ್ತ ಇನ್ನೂ ಕೇಳುತ್ತಲೇ ಇದ್ದಾಳೆ ಎಂದೂ ಹೇಳಿದರು. ಎಲ್ಲವೂ ಬಾಯಿಮಾತು, ಒಂದಕ್ಕೂ ಆಧಾರವಿಲ್ಲ.

ಕಳೆದ ತಿಂಗಳು ಆ ಚಹಾದ ಹೊತ್ತಿನಲ್ಲಿ ಕಿರಣ್ ಮತ್ತೆ ಹುಡುಗರಿಗೆ ಕತೆಯನ್ನು ಮೊದಲಿಂದ ಹೇಳತೊಡಗಿದ. ನಾನು ಅವನನ್ನು ತಡೆದು, ಆ ಹುಡುಗರಿಗೆ ಪಕ್ಷಗಳು ಹೇಗೆ ಅದಲು ಬದಲಾಗಿದ್ದವು ಎಂಬುದನ್ನು ವಿವರಿಸಬಹುದಿತ್ತು. ಮೂರು ಅಂಶಗಳಲ್ಲಿ ವಿವರಿಸಬಹುದಿತ್ತು. ಆದರೆ ಹೊರಗಿನ ಒದ್ದೆ ಸಿಮೆಂಟಿನ ವಾಸನೆ ಸಭಾಂಗಣದೊಳಕ್ಕೂ ಬಂದಿತ್ತು, ಮತ್ತು ಅವನ ಕತೆಗೂ ನನ್ನ ಕತೆಗೂ ಸಮಾನವಾಗಿರುವ ಒಂದು ದೋಷ ನನಗೆ ಕಾಣಿಸಿತು. ಕಿರಣ್ ಇಲ್ಲೇ ಉಳಿದವನು. ಮೇಡಂ ನಿವೃತ್ತರಾದರೂ ಇದೇ ಊರಿನಲ್ಲಿ ಉಳಿದವರು. ಬಸ್ಸು ಹತ್ತಿಸಿ ಬಂದ ನಾನೂ ಉಳಿದವನೇ. ಆ ಮಳೆಗಾಲದ ಕತೆ ಹೇಳುವವರೆಲ್ಲ ಉಳಿದವರು.

ಹಾಗಾಗಿ ‘ಹೇಳಿಲ್ಲ ಅಂತ ನಿಮಗೆ ಯಾರು ಹೇಳಿದರು’ ಎಂಬ, ಅಂದು ಎಲ್ಲರೂ ನಕ್ಕ ನನ್ನ ಆ ಮಾತನ್ನು ಪಕ್ಕಕ್ಕಿಡುತ್ತೇನೆ. ಇಲ್ಲಿ ಸಭೆಯಿಲ್ಲ, ಕೈ ಎತ್ತುವವರಿಲ್ಲ, ಗೆಲ್ಲಬೇಕಾದ ಪಕ್ಷವೂ ಇಲ್ಲ. ಮಹಾನಂದಾ, ನೀವು ಹೋದದ್ದು ಯಾಕೆಂದು ನನಗೆ ಗೊತ್ತು. ಬಂದು ಹೇಳ್ತೀನಿ ಅಂದವರು ಯಾಕೆ ಬರಲಿಲ್ಲ?